ಮಡಿಕೇರಿ ಪೇಟೆಯ 12 ಸೆಂಟ್ ಸೊಪ್ಪು: ಐದು ಮಳೆಗಾಲದ ಲೆಕ್ಕ

ಕೊಡಗಿನಲ್ಲಿ ತೋಟ ಅಂದರೆ ಕಾಫಿ ತೋಟ. ಅದಕ್ಕೇ ಪೇಟೆಯೊಳಗೆ ಒಂದು ತೋಟ ಮಾಡುತ್ತಿದ್ದೇವೆ ಅಂದಾಗ ಎಲ್ಲರೂ ಮೊದಲು ಕೇಳಿದ್ದು ರೋಬಸ್ಟಾನಾ, ಅರೇಬಿಕಾನಾ ಅಂತ. ಸೊಪ್ಪು ಅಂದೆವು. ಸೊಪ್ಪಿಗೆ ತೋಟ ಯಾಕೆ, ಮನೆ ಹಿಂದೆ ನಾಲ್ಕು ಬುಡ ಹಾಕಿಕೊಂಡರೆ ಆಯ್ತಲ್ವಾ ಅಂದರು. ಮನೆ ಹಿಂದೆ ಜಾಗ ಇರುವವರಿಗೆ ಅದು ಸರಿ. ಮಡಿಕೇರಿಯಲ್ಲಿ ಒಂದು ಮನೆಯ ಗೋಡೆ ಮುಗಿಯುವಲ್ಲಿ ಇನ್ನೊಂದು ಮನೆಯ ಮೆಟ್ಟಿಲು ಶುರುವಾಗುವ ಕೇರಿಗಳು ತುಂಬಾ ಇವೆ. ಅಲ್ಲಿ ಬಟ್ಟೆ ಒಣಹಾಕಲೂ ಜಾಗ ಇಲ್ಲ. ಆ ಮನೆಗಳಿಗೆ ಸೊಪ್ಪು ಮುಟ್ಟಿಸಲು ನಾವು ಏಳು ಜನ ಸೇರಿ 2020ರ ಅಕ್ಟೋಬರಿನಿಂದ ಏನು ಮಾಡಿದೆವು, ಎಲ್ಲಿ ಸೋತೆವು, ಎಷ್ಟು ಖರ್ಚಾಯಿತು, ಈಗ ಎಲ್ಲಿ ನಿಂತಿದ್ದೇವೆ ಅನ್ನುವುದನ್ನು ಪೂರ್ತಿ ಬರೆದಿಡುತ್ತಿದ್ದೇನೆ. ಬೇರೆ ಊರಿನ ಯಾರಾದರೂ ಇಂಥದ್ದು ಶುರು ಮಾಡುವ ಮೊದಲು ಓದಲಿ ಅನ್ನುವುದು ನನ್ನ ಆಸೆ.

ಹಿನ್ನೆಲೆ ಸ್ವಲ್ಪ ಹೇಳಬೇಕು. ನಮ್ಮ ಪೇಟೆಗೆ ತರಕಾರಿ ಹೆಚ್ಚಾಗಿ ಬಯಲು ಸೀಮೆಯಿಂದ ಲಾರಿಯಲ್ಲಿ ಬರುತ್ತದೆ. ಹುಣಸೂರು, ಪಿರಿಯಾಪಟ್ಟಣ ದಾಟಿ, ಕುಶಾಲನಗರದಿಂದ ಘಾಟಿ ಹತ್ತಬೇಕು. ಮೈಸೂರಿನಿಂದ ಲೆಕ್ಕ ಹಾಕಿದರೆ ಸುಮಾರು 120 ಕಿಲೋಮೀಟರ್. ಆಲೂಗಡ್ಡೆ, ಈರುಳ್ಳಿ, ಸಿಹಿಗುಂಬಳಕ್ಕೆ ಈ ದಾರಿ ಏನೂ ಅಲ್ಲ. ಸೊಪ್ಪಿಗೆ ಮಾತ್ರ ಇದು ದೊಡ್ಡ ದಾರಿ. ಕಿತ್ತ ಮೇಲೂ ಸೊಪ್ಪು ಉಸಿರಾಡುತ್ತಲೇ ಇರುತ್ತದೆ, ತನ್ನೊಳಗಿನ ಸಕ್ಕರೆಯನ್ನು ತಾನೇ ಸುಟ್ಟುಕೊಳ್ಳುತ್ತದೆ, ಗೋಣಿಯಲ್ಲಿ ಒತ್ತಿ ತುಂಬಿದರೆ ಬಿಸಿಯಾಗುತ್ತದೆ. ವಿಟಮಿನ್ ಸಿ ಎಲ್ಲಕ್ಕಿಂತ ಮೊದಲು ಇಳಿಯುತ್ತದೆ. ಹಿಂದಿನ ದಿನ ಕಿತ್ತ ಹರಿವೆ ರಾತ್ರಿಯೆಲ್ಲ ಲಾರಿಯಲ್ಲಿ ಕೂತು, ಬೆಳಗ್ಗೆ ಅಂಗಡಿಯಲ್ಲಿ ನೀರು ಚಿಮುಕಿಸಿಕೊಂಡು, ಸಂಜೆ ಕೂಲಿ ಮುಗಿಸಿ ಬರುವ ಹೆಂಗಸಿನ ಕೈಗೆ ಸಿಗುವಾಗ ಅರ್ಧ ಕಟ್ಟು ಆರಿಸಿ ಬಿಸಾಡಬೇಕು. ಅವಳು ಕೊಟ್ಟದ್ದು ಪೂರ್ತಿ ಕಟ್ಟಿನ ದುಡ್ಡು.

ಇದು ನಮ್ಮ ತಲೆಗೆ ಹೊಕ್ಕಿದ್ದು 2018ರ ಆಗಸ್ಟಿನಲ್ಲಿ. ಆ ವಾರ ಕೊಡಗಿನಲ್ಲಿದ್ದವರು ಯಾರೂ ಅದನ್ನು ಮರೆಯುವುದಿಲ್ಲ. ಗುಡ್ಡಗಳು ಜರಿದವು, ಜೋಡುಪಾಲದ ಕಡೆ ಮಂಗಳೂರು ರಸ್ತೆ ಹೋಯಿತು, ಕುಶಾಲನಗರದಲ್ಲಿ ಕಾವೇರಿ ಮನೆಗಳಿಗೆ ನುಗ್ಗಿತು. ಪೇಟೆಯೊಳಗೇ ಇಂದಿರಾನಗರ, ಚಾಮುಂಡೇಶ್ವರಿ ನಗರದ ಮನೆಗಳು ಕುಸಿದವು. ಪರಿಹಾರ ಕೇಂದ್ರಕ್ಕೆ ಅಕ್ಕಿ, ಬೇಳೆ, ಬಿಸ್ಕತ್ತು, ಬಟ್ಟೆ ಕರ್ನಾಟಕದ ಎಲ್ಲ ಕಡೆಯಿಂದ ಬಂತು. ಆ ಪ್ರೀತಿಯನ್ನು ನಾವು ಮರೆಯುವುದಿಲ್ಲ. ಆದರೆ ಅಡುಗೆ ಮನೆಯಲ್ಲಿ ನಿಂತಿದ್ದ ನಮಗೆ ಹಸಿರು ಅನ್ನುವುದು ಒಂದು ಎಸಳೂ ಇರಲಿಲ್ಲ. ಬೇಳೆ ಸಾರು, ಅನ್ನ, ಮತ್ತೆ ಬೇಳೆ ಸಾರು. ಒಬ್ಬ ಅಜ್ಜಿ ಕೇಂದ್ರದ ಹಿಂದಿನ ಚರಂಡಿ ಬದಿಯಿಂದ ಕೆಂಬಿನ (ಕೆಸುವಿನ) ಎಲೆ ಕಿತ್ತು ತಂದು, ತಾನೇ ನಾರು ತೆಗೆದು, ಹುಳಿ ಹಾಕಿ ಬೇಯಿಸಿ ಎಲ್ಲರಿಗೂ ಒಂದೊಂದು ಚಮಚ ಬಡಿಸಿದರು. ಆ ಅಜ್ಜಿಯ ಕೆಲಸವನ್ನು ನಾವು ಸರಿಯಾಗಿ ಅರ್ಥ ಮಾಡಿಕೊಳ್ಳಲು ಇನ್ನೂ ಮೂರು ವರ್ಷ ಬೇಕಾಯಿತು. ಅದನ್ನು ಮುಂದೆ ಹೇಳುತ್ತೇನೆ.

2020ರ ಲಾಕ್‌ಡೌನಿನಲ್ಲಿ ಲಾರಿ ಮತ್ತೆ ತಡವಾಯಿತು. ಆಗ ಮಾತು ನಿಂತು ಕೆಲಸ ಶುರುವಾಯಿತು.

ಜಾಗ ಮತ್ತು ಮಣ್ಣು

ಜಾಗ 12 ಸೆಂಟ್. ಚದರ ಅಡಿಯಲ್ಲಿ 5200ಕ್ಕೆ ಸ್ವಲ್ಪ ಜಾಸ್ತಿ. ಹೊರಗೆ ನೌಕರಿಯಲ್ಲಿದ್ದ ಒಬ್ಬರು ಮನೆ ಕಟ್ಟಲೆಂದು ಬಿಟ್ಟಿದ್ದ ಇಳಿಜಾರು. ಸುತ್ತಲಿನವರು ಹತ್ತು ವರ್ಷ ಅಲ್ಲಿ ಕಸ ಸುರಿದಿದ್ದರು. ಜಾಗದ ಯಜಮಾನರು ಬಾಡಿಗೆ ಬೇಡ, ಬೇಲಿ ಹಾಕಿ ಚೊಕ್ಕವಾಗಿಟ್ಟರೆ ಸಾಕು, ನನಗೆ ಬೇಕಾದಾಗ ಬಿಡಬೇಕು ಎಂದರು. ನಾವು ಬಾಯಿಮಾತಿಗೆ ಒಪ್ಪಿಕೊಂಡೆವು. ಇಲ್ಲೊಂದು ತಪ್ಪಾಯಿತು. ಬಿಡುವುದಕ್ಕೆ ಎಷ್ಟು ತಿಂಗಳ ಮುಂಚೆ ಹೇಳಬೇಕು ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡಿದ್ದರೆ ಇಬ್ಬರಿಗೂ ಒಳ್ಳೆಯದಿತ್ತು.

ಮೊದಲ ಎರಡು ತಿಂಗಳು ಬರೀ ಆರಿಸುವುದು. ಬಾಟಲಿ ಚೂರು, ಸಿಮೆಂಟಿನ ಗಟ್ಟಿ, ಡೈಪರ್, ಹಳೇ ಚಪ್ಪಲಿ. ಆಮೇಲೆ ಮಣ್ಣನ್ನು ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಪರೀಕ್ಷೆಗೆ ಕೊಟ್ಟೆವು. ಪಿಎಚ್ 5.1 ಬಂತು. ಕೊಡಗಿನ ಕೆಂಪು ಮಣ್ಣು ಹುಳಿ ಅನ್ನುವುದು ಕಾಫಿಯವರಿಗೆಲ್ಲ ಗೊತ್ತು. ಇಷ್ಟು ಮಳೆ ಬೀಳುವ ಕಡೆ ಸುಣ್ಣದ ಅಂಶ ತೊಳೆದು ಹೋಗುತ್ತದೆ, ಅದಕ್ಕೇ ಅವರು ಕೆಲವು ವರ್ಷಕ್ಕೊಮ್ಮೆ ತೋಟಕ್ಕೆ ಸುಣ್ಣ ಹಾಕುತ್ತಾರೆ. ಕಾಫಿ ಗಿಡ ಸ್ವಲ್ಪ ಹುಳಿ ತಡೆಯುತ್ತದೆ. ಪಾಲಕ್ ತಡೆಯುವುದೇ ಇಲ್ಲ. ನಮ್ಮ ಮೊದಲ ಪಾಲಕ್ ಎರಡು ಇಂಚು ಎದ್ದು ಹಳದಿಯಾಗಿ ನಿಂತುಬಿಟ್ಟಿತ್ತು. ಚದರ ಮೀಟರಿಗೆ 200 ಗ್ರಾಂ ಕೃಷಿ ಸುಣ್ಣ ಮಣ್ಣಿಗೆ ಬೆರೆಸಿ, ಮೂರು ವಾರ ಬಿಟ್ಟು, ಆಮೇಲೆ ಹಟ್ಟಿಗೊಬ್ಬರ ಕೊಟ್ಟೆವು. ಎರಡನ್ನೂ ಒಟ್ಟಿಗೆ ಹಾಕಬೇಡಿ, ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.

ಗೊಬ್ಬರದ ಕತೆಯೂ ಹೇಳಿಬಿಡುತ್ತೇನೆ. ಹಸು ಸಾಕುವವರು ಪೇಟೆಯಲ್ಲಿ ಕಡಿಮೆಯಾಗಿದ್ದಾರೆ, ಸಗಣಿಗೆ ಈಗ ಭಾರಿ ಬೇಡಿಕೆ. ಕಾಫಿ ಹಣ್ಣಿನ ಸಿಪ್ಪೆ, ಅದನ್ನು ಸುಲಿಯುವ ಪಲ್ಪರ್ ಯಂತ್ರ ಇರುವ ತೋಟಗಳಲ್ಲಿ ರಾಶಿ ಬಿದ್ದಿರುತ್ತದೆ, ಕೇಳಿದರೆ ಕೊಡುತ್ತಾರೆ. ಹಸಿಯಾಗಿ ಹಾಕಿದರೆ ಗಿಡ ಸುಡುತ್ತದೆ. ಸಗಣಿ ನೀರು ಚಿಮುಕಿಸಿ, ಶುಕ್ರವಾರದ ಸಂತೆ ಮುಗಿದ ಮೇಲೆ ಉಳಿಯುವ ಕೋಸಿನ ಎಲೆ, ಹೂಕೋಸಿನ ದಂಟು ಸೇರಿಸಿ, ತಿಂಗಳಿಗೊಮ್ಮೆ ಮಗುಚಿ, ಆರು ತಿಂಗಳು ಕೊಳೆಸಿದರೆ ಕರಿ ಪುಡಿಯಾಗುತ್ತದೆ. ಆ ಪುಡಿಯ ವಾಸನೆ ಮೊದಲ ಮಳೆಯ ವಾಸನೆ. ಐದು ವರ್ಷದಲ್ಲಿ ನಮ್ಮ ಕೈಯಿಂದ ಆದ ಅತ್ಯಂತ ಒಳ್ಳೆಯ ವಸ್ತು ಯಾವುದು ಅಂತ ಕೇಳಿದರೆ ನಾನು ಸೊಪ್ಪು ಅನ್ನುವುದಿಲ್ಲ, ಆ ಮಣ್ಣು ಅನ್ನುತ್ತೇನೆ.

ಮಡಿ ಎತ್ತುವಾಗ ಒಂದು ಹಟ ಇಟ್ಟುಕೊಂಡೆವು. ಜೆಸಿಬಿ ಬೇಡ, ಗುಡ್ಡ ಕಡಿದು ಸಮ ಮಾಡುವುದು ಬೇಡ. 2018ರಲ್ಲಿ ಗುಡ್ಡದ ಕಾಲು ಕಡಿದ ಕಡೆ ಏನಾಯಿತು ಅಂತ ಕಣ್ಣಾರೆ ನೋಡಿದ್ದೇವೆ. ಇಳಿಜಾರಿಗೆ ಅಡ್ಡಲಾಗಿ, ಒಂದು ಮೀಟರ್ ಅಗಲ, ಆರು ಮೀಟರ್ ಉದ್ದ, ಒಂದಡಿ ಎತ್ತರದ 30 ಮಡಿ. ಒಟ್ಟು 180 ಚದರ ಮೀಟರ್. ಮಡಿಗಳ ನಡುವೆ ನೀರು ನಿಲ್ಲದೆ ನಿಧಾನವಾಗಿ ಬದಿಯ ಚರಂಡಿಗೆ ಇಳಿಯುವ ಹಾಗೆ ಕಾಲುವೆ. ಮಲೆನಾಡಿನಲ್ಲಿ ನೀರು ಇಂಗಿಸಿ ಅನ್ನುವ ಮಾತು ಎಲ್ಲ ಕಡೆಗೂ ಸರಿಯಲ್ಲ. ಮನೆಗಳ ಮೇಲಿರುವ ಇಳಿಜಾರಿನಲ್ಲಿ ಗುಂಡಿ ತೋಡಿ ನೀರು ನಿಲ್ಲಿಸುವುದು ಅಪಾಯ. ಕೆಳಗಿನ ಮನೆಯವರು ಮೊದಲ ದಿನವೇ ಬಂದು ಅದನ್ನು ಕೇಳಿದರು, ಕೇಳಿದ್ದು ನ್ಯಾಯ.

ಎತ್ತರದ ಮಡಿಯ ಯೋಚನೆ ನಮ್ಮದೇನಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಕ್ಯೂಬಾಕ್ಕೆ ಎಣ್ಣೆ, ರಸಗೊಬ್ಬರ ಬರುವುದು ನಿಂತಾಗ ಹವಾನಾದ ಜನ ಖಾಲಿ ಜಾಗಗಳಲ್ಲಿ ಇಂಥ ಮಡಿ ಕಟ್ಟಿ ಸೊಪ್ಪು ಬೆಳೆದು ಪಕ್ಕದ ಬೀದಿಗೆ ಅಲ್ಲೇ ಮಾರಿದರು. ಆರ್ಗಾನೊಪೋನಿಕೊ ಅಂತ ಅದಕ್ಕೆ ಹೆಸರು. ನಮ್ಮ ಗುಂಪಿನ ನಿವೃತ್ತ ಮೇಷ್ಟ್ರು ಅದನ್ನು ಓದಿ ತುಂಬಾ ಹುರುಪಿನಲ್ಲಿದ್ದರು. ಹವಾನಾ ಮಾಡಿದ್ದನ್ನು ಮಡಿಕೇರಿ ಯಾಕೆ ಮಾಡಬಾರದು ಅನ್ನುತ್ತಿದ್ದರು. ಉತ್ತರ ಆಕಾಶದಿಂದ ಬಂತು.

ಮೊದಲ ಮಳೆಗಾಲ

ಮಣ್ಣು ಸರಿಯಾದ ಮೇಲೆ ಮೇ ತನಕ ಎಲ್ಲ ಚೆನ್ನಾಗಿತ್ತು. ಹರಿವೆ 25-30 ದಿನಕ್ಕೆ ಕೊಯ್ಲಿಗೆ, ಮೆಂತ್ಯ ಅದಕ್ಕೂ ಬೇಗ. ಪಾಲಕ್ ತಿಂಗಳಿಗೆ ಮೊದಲ ಕೊಯ್ಲು, ಮತ್ತೆ ಚಿಗುರಿದ ಹಾಗೆ ಇನ್ನೂ ಮೂರು. ಮೂಲಂಗಿ, ನವಿಲುಕೋಸು, ಬೀನ್ಸ್ ಕೂಡ ಹಾಕಿದ್ದೆವು. 34 ಮನೆ ಸೇರಿದವು. ಒಂದೇ ಹರಿವೆ ಕಟ್ಟನ್ನು ಒಂದು ಮನೆಯಲ್ಲಿ ಚೀರ ಅನ್ನುತ್ತಾರೆ, ಪಕ್ಕದ ಮನೆಯಲ್ಲಿ ಪದ್ಪೆ, ಇನ್ನೊಂದು ಮನೆಯಲ್ಲಿ ಹರಿವೆ. ಕೊಡಗಿನ ಪೇಟೆಗಳ ಈ ಗುಣ ನನಗೆ ಬಹಳ ಇಷ್ಟ.

ಏಪ್ರಿಲ್‌ನಲ್ಲಿ ಎಲ್ಲರೂ ಕೇಳುತ್ತಾರೆ ಅಂತ ಎಂಟು ಮಡಿ ಟೊಮೆಟೊ ನೆಟ್ಟೆವು. ಜೂನ್ ಎರಡನೇ ವಾರ, ಕಾಯಿ ಕಟ್ಟಿ ಬಣ್ಣ ತಿರುಗುವ ಹೊತ್ತಿಗೆ, ಗಿಡ ಹಸಿರಾಗಿರುವಾಗಲೇ ಬಾಡತೊಡಗಿತು. ಒಂದು ಕಾಂಡ ಕತ್ತರಿಸಿ ಗ್ಲಾಸಿನ ನೀರಿನಲ್ಲಿ ನಿಲ್ಲಿಸಿದೆವು. ಸ್ವಲ್ಪ ಹೊತ್ತಿನಲ್ಲಿ ತುದಿಯಿಂದ ಹಾಲಿನಂಥ ಎಳೆ ಇಳಿಯಿತು. ಅದು ಬ್ಯಾಕ್ಟೀರಿಯಾದ ಸೊರಗು ರೋಗ. ಮಣ್ಣಿನಲ್ಲೇ ಇರುತ್ತದೆ, ನೀರಿನ ಜೊತೆ ಮಡಿಯಿಂದ ಮಡಿಗೆ ಹೋಗುತ್ತದೆ, ಔಷಧ ಹೊಡೆದು ಹೋಗಲಾಡಿಸಲು ಆಗುವುದಿಲ್ಲ. ಬದನೆ, ಮೆಣಸಿನಕಾಯಿ, ಆಲೂಗಡ್ಡೆಗೂ ತಗಲುತ್ತದೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಂಬ ತಳಿ ಈ ರೋಗ ತಡೆಯುತ್ತದೆ, ಬದನೆ ಬೇರಿಗೆ ಟೊಮೆಟೊ ಕಸಿ ಕಟ್ಟುವ ದಾರಿಯೂ ಇದೆ. ನಮಗೆ ಅದು ಗೊತ್ತಾಗಿದ್ದು ತಡವಾಗಿ. ಗೊತ್ತಾದ ಮೇಲೂ ನಾವು ಮತ್ತೆ ಟೊಮೆಟೊ ಹಾಕಲಿಲ್ಲ. ಕಾರಣ ಆಮೇಲೆ ಹೇಳುತ್ತೇನೆ.

ಜುಲೈಯಲ್ಲಿ ಉಳಿದದ್ದೂ ಹೋಯಿತು. ಮಡಿಕೇರಿಗೆ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ನಮ್ಮವರ ಲೆಕ್ಕದಲ್ಲಿ 120 ಇಂಚು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಬಿತ್ತಿದ ಹರಿವೆ ಬೀಜ ಸಾಸಿವೆಗಿಂತ ಸಣ್ಣದು, ಒಂದೇ ರಾತ್ರಿಗೆ ಮಡಿಯಿಂದ ತೊಳೆದು ಚರಂಡಿ ಸೇರಿತು. ಹುಟ್ಟಿದ್ದು ಬುಡ ಕೊಳೆತು ಮಲಗಿತು. ಬದುಕಿದ್ದನ್ನು ಬಸವನಹುಳು ತಿಂದಿತು. ಆಫ್ರಿಕಾದ ದೊಡ್ಡ ಬಸವನಹುಳು, ಮುಷ್ಟಿಯಷ್ಟು ಶಂಖ. ಒದ್ದೆ ಗೋಣಿಚೀಲ ಹಾಸಿದರೆ ಅದರಡಿ ಬಂದು ಕೂರುತ್ತದೆ, ಬೆಳಗ್ಗೆ ಎತ್ತಿ ಉಪ್ಪುನೀರಿನ ಬಕೆಟ್ಟಿಗೆ ಹಾಕಬೇಕು. ಬರಿಗೈಯಲ್ಲಿ ಮುಟ್ಟಬಾರದು, ಮನುಷ್ಯರಿಗೆ ತಗಲುವ ಪರೋಪಜೀವಿ ಹುಳ ಅದರಲ್ಲಿರಬಹುದು. ಅದಕ್ಕೆ ಕೇರಿಯ ಮಕ್ಕಳಿಗೆಲ್ಲ ಗ್ಲೌಸ್ ಕೊಟ್ಟೆವು.

ಆ ನಾಲ್ಕು ತಿಂಗಳು ವಾರಕ್ಕೆ 45 ಕಟ್ಟು ದಾಟಲಿಲ್ಲ. 34 ಮನೆಯಲ್ಲಿ 11 ಮನೆ ಬಿಟ್ಟವು. ಮೇಷ್ಟ್ರು ಆಗಸ್ಟಿನಲ್ಲಿ ಒಂದು ದಿನ ಕೊಡೆ ಹಿಡಿದು ಮಡಿಗಳ ನಡುವೆ ಅರ್ಧ ಗಂಟೆ ಸುಮ್ನೆ ನಿಂತಿದ್ದರು. ಯಾರೂ ಮಾತಾಡಿಸಲಿಲ್ಲ.

ಮೊದಲ ವರ್ಷದ ದುಡ್ಡಿನ ಲೆಕ್ಕ ಇಲ್ಲೇ ಹೇಳುವುದು ಸರಿ. ಒಳ್ಳೆಯ ವಾರದಲ್ಲಿ 140 ಕಟ್ಟು, ಕಟ್ಟಿಗೆ 15 ರೂಪಾಯಿ, 2100 ರೂಪಾಯಿ. ಇಬ್ಬರು ಹೆಂಗಸರಿಗೆ ವಾರಕ್ಕೆ ಮೂರು ಅರ್ಧ ದಿನ, ತಲಾ 250ರಂತೆ 1500. ಬೀಜ, ಗೊಬ್ಬರ, ಆಟೋ ಸೇರಿ 250. ಉಳಿಯುವುದು 350. ಮಳೆಗಾಲದ ವಾರದಲ್ಲಿ 45 ಕಟ್ಟಿಗೆ 675 ಬರುತ್ತದೆ, ಕೂಲಿ ಅದೇ 1500. ಮಳೆ ಬಂತು ಅಂತ ಆ ಇಬ್ಬರನ್ನು ಮನೆಗೆ ಕಳಿಸಿದರೆ ಅಕ್ಟೋಬರಿನಲ್ಲಿ ಅವರು ಮತ್ತೆ ಬರುವುದಿಲ್ಲ, ಮತ್ತು ಅವರ ಮನೆಯ ಒಲೆ ಮಳೆಗಾಲದಲ್ಲೂ ಉರಿಯಬೇಕಲ್ವಾ. ನಾವು ಏಳು ಜನ ಕೈಯಿಂದ ಹಾಕಿದೆವು. ಹೀಗೆ ಎರಡನೇ ವರ್ಷ ನಡೆಯುವುದಿಲ್ಲ ಅನ್ನುವುದು ಸ್ಪಷ್ಟವಿತ್ತು.

ಏನು ಬೆಳೆಯಬಾರದು

ಇಲ್ಲಿಯ ತನಕ ಹೇಳಿದ್ದು ಎಲ್ಲ ಊರಿನಲ್ಲೂ ಸ್ವಲ್ಪ ಹೆಚ್ಚುಕಡಿಮೆ ಆಗುವಂಥದ್ದು. ನಮ್ಮ ಪ್ರಕರಣದಲ್ಲಿ ನಿಜವಾಗಿ ತಿರುವು ಕೊಟ್ಟದ್ದು 2021ರ ನವೆಂಬರಿನ ಒಂದು ಸಭೆ. ಅಲ್ಲಿ ನಾವು ಏನು ಬೆಳೆಯಬೇಕು ಅಂತ ಮಾತಾಡಲಿಲ್ಲ. ಏನು ಬೆಳೆಯಬಾರದು ಅಂತ ಮಾತಾಡಿದೆವು.

ಮೊದಲು ಒಂದು ಲೆಕ್ಕ ಹಾಕಿದೆವು. ವಿಶ್ವ ಆರೋಗ್ಯ ಸಂಸ್ಥೆ ಒಬ್ಬ ಮನುಷ್ಯ ದಿನಕ್ಕೆ ಕನಿಷ್ಠ 400 ಗ್ರಾಂ ತರಕಾರಿ, ಹಣ್ಣು ತಿನ್ನಬೇಕು ಅನ್ನುತ್ತದೆ. 34 ಮನೆ, ಮನೆಗೆ ನಾಲ್ಕು ಜನ, 136 ಜನ. ವಾರಕ್ಕೆ 380 ಕಿಲೋ ಬೇಕು. ನಮ್ಮ ಅತ್ಯುತ್ತಮ ವಾರದ 140 ಕಟ್ಟು, ಕಟ್ಟಿಗೆ ಕಾಲು ಕಿಲೋ, 35 ಕಿಲೋ. ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ! ಅಂದರೆ 12 ಸೆಂಟ್ ಜಾಗ 34 ಮನೆಗೂ ಊಟದ ತರಕಾರಿ ಪೂರ್ತಿ ಕೊಡುವುದಿಲ್ಲ, ಎಂದೂ ಕೊಡುವುದಿಲ್ಲ. ಪೇಟೆಗೇ ಅನ್ನ ಹಾಕುತ್ತೇವೆ ಅನ್ನುವ ಮಾತನ್ನು ಅವತ್ತಿಗೆ ಬಿಟ್ಟೆವು. ಬಿಟ್ಟ ಮೇಲೆ ತಲೆ ಹಗುರವಾಯಿತು.

ಹಾಗಾದರೆ ನಮ್ಮ ಪಾಲು ಯಾವುದು? ಲಾರಿಯಲ್ಲಿ ಕೆಡುವುದು. ಅಷ್ಟೇ. ಲಾರಿಯಲ್ಲಿ ಚೆನ್ನಾಗಿ ಬರುವುದನ್ನು ಲಾರಿ ತರಲಿ, ಬಯಲಿನ ರೈತ ನಮಗಿಂತ ಚೆನ್ನಾಗಿ, ಕಡಿಮೆ ಖರ್ಚಿನಲ್ಲಿ ಬೆಳೆಯುತ್ತಾನೆ. ಟೊಮೆಟೊ, ಬೀನ್ಸ್, ನವಿಲುಕೋಸು, ಮೂಲಂಗಿ ಗಡ್ಡೆ ಎಲ್ಲ ಪಟ್ಟಿಯಿಂದ ತೆಗೆದೆವು. ಹರಿವೆ, ಮೆಂತ್ಯ, ಪಾಲಕ್, ಕೊತ್ತಂಬರಿ, ಸಬ್ಬಸಿಗೆ, ಪುದೀನ, ಬೇಲಿ ಮೇಲೆ ಬಸಳೆ. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿದಾಗ ಎಲ್ಲರೂ ನಮ್ಮನ್ನು ಬೈದರು. ಈಗ ನಿಮ್ಮ ಹತ್ತಿರ ಟೊಮೆಟೊ ಇದ್ದಿದ್ದರೆ ಅಂದರು. ಆ ಬೆಲೆ ಕೆಲವೇ ವಾರದ್ದು, ಆಮೇಲೆ ನೆಲಕ್ಕೆ ಬೀಳುತ್ತದೆ, ಬಿತ್ತು ಕೂಡ. ಬೆಲೆಯ ಹಿಂದೆ ಓಡುವುದು 12 ಸೆಂಟ್ ಜಾಗದವರಿಗೆ ಆಗುವ ಕೆಲಸ ಅಲ್ಲ ಅಂತ ನಾನು ಈಗಲೂ ಗಟ್ಟಿಯಾಗಿ ಹೇಳುತ್ತೇನೆ.

ಆ ಸಭೆಯಲ್ಲೇ ನಮ್ಮ ಜೊತೆ ಕೆಲಸ ಮಾಡುವ ಅಕ್ಕ ಒಬ್ಬರು ಒಂದು ಮಾತು ಹೇಳಿದರು. ಮಳೆಗಾಲದಲ್ಲಿ ನಮ್ಮ ಊರಿನಲ್ಲಿ ಯಾರು ಪಾಲಕ್ ತಿನ್ನುತ್ತಿದ್ದರು, ಕೆಂಬು ತಿನ್ನುತ್ತಿದ್ದೆವು ಅಂದರು. ನನಗೆ ಪರಿಹಾರ ಕೇಂದ್ರದ ಅಜ್ಜಿ ನೆನಪಾದರು. ಇಡೀ ಪೇಟೆ ಬೇಳೆ ಸಾರು ತಿನ್ನುತ್ತಿದ್ದ ವಾರದಲ್ಲಿ ಚರಂಡಿ ಬದಿಯಲ್ಲಿ ಸೊಪ್ಪು ತಾನಾಗಿ ಬೆಳೆದು ನಿಂತಿತ್ತು. ಮಳೆಯಿಂದ ಕಾಪಾಡಬೇಕಾದ ಸೊಪ್ಪನ್ನು ನಾವು ಮಳೆಯಲ್ಲಿ ಬೆಳೆಯಲು ಹೋಗಿ ಸೋತಿದ್ದೆವು. ಮಳೆ ಬೇಕು ಅನ್ನುವ ಗಿಡ ಕೊಡಗಿನಲ್ಲಿ ಎಷ್ಟೊಂದು ಇದೆ!

ತಳದ ಆರು ಮಡಿಗಳನ್ನು, ನೀರು ಜಾಸ್ತಿ ನಿಲ್ಲುವ ಜಾಗವನ್ನು, ಕೆಂಬಿಗೆ ಬಿಟ್ಟೆವು. ಮೇಲಿನ ಬೇಲಿಗೆ ಸೀಮೆಬದನೆ ಹಬ್ಬಿಸಿದೆವು. ಅದರ ಕಾಯಿ, ಎಳೆ ಕುಡಿ ಎರಡೂ ಪಲ್ಯಕ್ಕೆ ಆಗುತ್ತದೆ, ಮಡಿಕೇರಿಯ ತಂಪು ಅದಕ್ಕೆ ಹೇಳಿಮಾಡಿಸಿದ ಹಾಗಿದೆ. ಚರಂಡಿ ಅಂಚಿಗೆ ತೆರ್ಮೆ, ಅಂದರೆ ಸುರುಳಿ ಬಿಚ್ಚದ ಜರಿಗಿಡದ ಕುಡಿ. ಎಲ್ಲ ಜರಿಗಿಡವೂ ತಿನ್ನುವಂಥದ್ದಲ್ಲ. ಅದಕ್ಕೆ ಗುರುತು ಗೊತ್ತಿರುವ ಆ ಅಕ್ಕ ಬಿಟ್ಟು ಬೇರೆ ಯಾರೂ ಕೀಳಬಾರದು ಅಂತ ನಿಯಮ. ಕಾಂಪೌಂಡಿನ ಮೂಲೆಯಲ್ಲಿ ಮದ್ದು ಸೊಪ್ಪಿನ ನಾಲ್ಕು ಬುಡ. ಆಗಸ್ಟ್ 3ರ ಹೊತ್ತಿಗೆ, ಕಕ್ಕಡ ಪದಿನೆಟ್ಟಿಗೆ, ಅಂದರೆ ಕೊಡವರ ಕಕ್ಕಡ ತಿಂಗಳ 18ನೇ ದಿನಕ್ಕೆ, ಪೇಟೆಯಲ್ಲಿರುವ ಮನೆಗಳೆಲ್ಲ ಅದನ್ನು ಹುಡುಕುತ್ತವೆ. ಆ ದಿನ ಅದರಲ್ಲಿ 18 ಮದ್ದು ಸೇರುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿ. ಬೇಯಿಸಿದ ನೀರು ಗಾಢ ನೇರಳೆ, ಪಾಯಸ ಅದೇ ಬಣ್ಣ. ಹಳ್ಳಿಯಲ್ಲಿ ಬೇಲಿ ಬದಿಗೆ ಸಿಗುತ್ತದೆ, ಪೇಟೆಯ ಬಾಡಿಗೆ ಮನೆಯವರು ಎಲ್ಲಿಗೆ ಹೋಗಬೇಕು. 2022ರಲ್ಲಿ ಆ ಒಂದು ದಿನ ಬಂದಷ್ಟು ಜನ ನಮ್ಮ ಗೇಟಿಗೆ ಯಾವತ್ತೂ ಬಂದಿರಲಿಲ್ಲ.

ಕೆಂಬಿನ ಬಗ್ಗೆ ಒಂದು ಎಚ್ಚರಿಕೆ. ಅದರಲ್ಲಿ ಸೂಜಿಯಂಥ ಆಕ್ಸಲೇಟ್ ಹರಳು ಇರುತ್ತದೆ, ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದೆ. ನಮ್ಮ ಕಡೆ ಕಾಚಂಪುಳಿ ಎಂಬ ಹಣ್ಣಿನ ಹುಳಿ, ಇಲ್ಲದಿದ್ದರೆ ಹುಣಸೆ ಹಾಕಿ ಚೆನ್ನಾಗಿ ಬೇಯಿಸುತ್ತಾರೆ. ಹೊರಗಿನಿಂದ ಬಂದು ಮಡಿಕೇರಿಯಲ್ಲಿ ನೆಲೆಸಿದ ಮನೆಗಳಿಗೆ ಮೊದಲ ಸಲ ಕಟ್ಟಿನ ಜೊತೆ ಚೀಟಿ ಬರೆದು ಕೊಟ್ಟೆವು. ಒಂದು ಮನೆಯವರು ಚೀಟಿ ಓದದೆ ಬೇಯಿಸಿ ಒದ್ದಾಡಿದರು. ಆಮೇಲೆ ಚೀಟಿ ನಿಲ್ಲಿಸಿ, ಬಾಯಲ್ಲೇ ಹೇಳಿ ಕೊಡಲು ಶುರು ಮಾಡಿದೆವು.

ಉಳಿದ ಮಡಿಗಳಲ್ಲಿ ಹತ್ತಕ್ಕೆ ಮಾತ್ರ 2022ರಲ್ಲಿ ಬಿದಿರು ಮತ್ತು ಸಿಲ್ವರ್ ಓಕ್ ಗಳುಗಳ ಮೇಲೆ 200 ಮೈಕ್ರಾನ್ ಪಾಲಿಥೀನ್ ಹೊದಿಸಿದೆವು. ಬದಿ ಪೂರ್ತಿ ತೆರೆದು ಬಿಟ್ಟದ್ದು ಬೇಕೆಂದೇ. ಮುಚ್ಚಿದರೆ ಮಂಜು ಒಳಗೆ ಕೂತು ಬೂಷ್ಟು ಬರುತ್ತದೆ. ಜುಲೈಯಲ್ಲಿ ವಾರಗಟ್ಟಲೆ ಬಿಸಿಲು ಇಲ್ಲದಾಗ ಹೊದಿಕೆ ಕೆಳಗೂ ಹರಿವೆ 30 ದಿನದ ಬದಲು 45 ದಿನ ತೆಗೆದುಕೊಂಡಿತು. ಆದರೂ ಬಂತು.

ಹೊತ್ತು

ಇನ್ನೊಂದು ತಪ್ಪು ನಮಗೆ ತಡವಾಗಿ ಕಂಡಿತು. ಅದು ನನ್ನನ್ನು ಈಗಲೂ ಚುಚ್ಚುತ್ತದೆ. ಮೊದಲ ಒಂದೂವರೆ ವರ್ಷ ನಾವು ಬೆಳಗ್ಗೆ ಆರಕ್ಕೆ ಕೊಯ್ದು ಎಂಟಕ್ಕೆ ಮನೆ ಮನೆಗೆ ಕೊಡುತ್ತಿದ್ದೆವು. ಬೆಳಗಿನ ಇಬ್ಬನಿಯ ಸೊಪ್ಪು, ಎಷ್ಟು ಚೆಂದ. ಸೇರಿದ ಮನೆಗಳ ಪಟ್ಟಿ ನೋಡಿದರೆ ನೌಕರಿಯವರು, ನಿವೃತ್ತರು, ಹೋಂಸ್ಟೇ ನಡೆಸುವವರು. ಯಾರಿಗೆ ಅಂತ ಶುರು ಮಾಡಿದೆವೋ ಆ ಗುಡ್ಡದ ಅಂಚಿನ ಕೇರಿಗಳ ಮನೆ 34ರಲ್ಲಿ ಐದೇ ಐದು. ಯಾಕೆ ಅಂತ ಕೇಳಲು ಹೋದೆವು. ಎಂಟು ಗಂಟೆಗೆ ಅಲ್ಲಿ ಯಾರೂ ಇರಲಿಲ್ಲ. ಕಾಫಿ ತೋಟದ ಜೀಪು ಏಳಕ್ಕೇ ಬಂದು ಜನರನ್ನು ಕರೆದುಕೊಂಡು ಹೋಗಿರುತ್ತದೆ. ಉತ್ತರ ಅಲ್ಲೇ ಇತ್ತು. ಇನ್ನು ತಿಂಗಳ ದುಡ್ಡು ಮುಂಗಡ ಅನ್ನುವುದು ದಿನಗೂಲಿ ಮನೆಗೆ ಆಗದ ಮಾತು.

2022ರಿಂದ ಎರಡು ಬಗೆ ಮಾಡಿದೆವು. ಆಗುವವರು ತಿಂಗಳಿಗೆ 250 ರೂಪಾಯಿ ಮುಂಗಡ ಕೊಡುತ್ತಾರೆ, ಮಳೆ ಇರಲಿ ಬಿಸಿಲಿರಲಿ ವರ್ಷವಿಡೀ. ಒಳ್ಳೆಯ ತಿಂಗಳಲ್ಲಿ ವಾರಕ್ಕೆ ನಾಲ್ಕು ಕಟ್ಟು, ಮಳೆಗಾಲದಲ್ಲಿ ಎರಡು ಕಟ್ಟು ಮತ್ತು ಕೆಂಬೋ ಸೀಮೆಬದನೆಯೋ. ಇದನ್ನು ಮೊದಲೇ ಬಿಡಿಸಿ ಹೇಳಿದ್ದಕ್ಕೆ ಯಾರೂ ತಕರಾರು ಮಾಡಲಿಲ್ಲ. 34 ಮನೆ ಮತ್ತೆ ತುಂಬಿತು. ತಿಂಗಳಿಗೆ 8500, ಕೂಲಿ ಸುಮಾರು 6500, ಉಳಿದದ್ದರಲ್ಲಿ ಬೀಜ, ಗೊಬ್ಬರ, ಹೊದಿಕೆ. ಅಲ್ಲಿಗೆ ಕೈಯಿಂದ ಹಾಕುವುದು ನಿಂತಿತು. ಇನ್ನೊಂದು ಬಗೆ, ವಾರಕ್ಕೆ ಎರಡು ಸಂಜೆ ಐದೂವರೆಗೆ ಜೀಪು ನಿಲ್ಲುವ ತಿರುವಿನಲ್ಲೇ ಒಂದು ಬುಟ್ಟಿ. ಕಟ್ಟಿಗೆ 10 ರೂಪಾಯಿ. ಮೂರೂವರೆಗೆ ಕೊಯ್ದದ್ದು. ಇದಕ್ಕೆ ಕೆಲವು ಮಡಿ ಬೇರೆಯಾಗಿ ಎತ್ತಿಟ್ಟಿದ್ದೇವೆ, ಮುಂಗಡದವರ ಉಳಿಕೆ ಅಲ್ಲಿಗೆ ಹೋಗುವುದಿಲ್ಲ. ಈ ವಿಷಯದಲ್ಲಿ ನಮ್ಮ ಗುಂಪಿನಲ್ಲೇ ಜಗಳವಾಯಿತು. ಉಳಿದದ್ದನ್ನು ಹಾಕಿದರೆ ಏನಾಯಿತು ಅಂದರು ಕೆಲವರು. ಸಂತೆಯಲ್ಲಿ ಕೊನೆಗೆ ಉಳಿದದ್ದನ್ನು ತಂದೇ ಆ ಮನೆಗಳು ಇಷ್ಟು ವರ್ಷ ಬದುಕಿವೆ, ಇಲ್ಲೂ ಅದೇ ಆದರೆ ನಾವು ಮಾಡಿದ್ದು ಏನು?

ಬುಟ್ಟಿ 20 ನಿಮಿಷದಲ್ಲಿ ಖಾಲಿಯಾಗುತ್ತದೆ. ಕೊತ್ತಂಬರಿ ಮತ್ತು ಗಾಂಧಾರಿ ಮೆಣಸು ಮೊದಲು.

ನೀರಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 120 ಇಂಚು ಮಳೆಯ ಊರಿನಲ್ಲಿ ಮಾರ್ಚ್‌ನಲ್ಲಿ ಸೊಪ್ಪಿಗೆ ನೀರಿಲ್ಲ. ಕೂಟುಹೊಳೆಯ ನೀರು ಕುಡಿಯಲಿಕ್ಕೇ ಎಳೆದಾಡುವ ತಿಂಗಳು ಅದು. ನಳ್ಳಿ ಸಂಪರ್ಕಕ್ಕೆ ಒಂದು ಕಚೇರಿಗೆ ಅರ್ಜಿ ಕೊಟ್ಟು 14 ತಿಂಗಳು ಅಲೆದೆವು, ಮನೆ ಇಲ್ಲದ ಜಾಗಕ್ಕೆ ಕೊಡುವುದಿಲ್ಲ ಅಂತ ಕೊನೆಗೆ ಹೇಳಿದರು. ಅದನ್ನು ಮೊದಲ ದಿನವೇ ಹೇಳಬಹುದಿತ್ತು. ಪಕ್ಕದ ಮನೆಯ 60 ಚದರ ಮೀಟರ್ ಮಾಡಿನ (ಛಾವಣಿಯ) ನೀರು ಹಿಡಿದು 5000 ಲೀಟರ್ ಟ್ಯಾಂಕಿಗೆ ಬಿಟ್ಟೆವು. ಒಂದು ಇಂಚು ಮಳೆಗೆ ಆ ಮಾಡಿನಿಂದ ಸುಮಾರು 1500 ಲೀಟರ್ ಬರುತ್ತದೆ. ಆದರೆ ಒಣ ತಿಂಗಳಲ್ಲಿ ನೂರು ಚದರ ಮೀಟರ್ ಸೊಪ್ಪಿಗೆ ದಿನಕ್ಕೆ 450 ಲೀಟರ್ ಬೇಕು. ತುಂಬಿದ ಟ್ಯಾಂಕ್ 11 ದಿನ. ಅದಕ್ಕೇ ಫೆಬ್ರವರಿ ಕೊನೆಯಿಂದ ಹೂಮಳೆ (ಕಾಫಿ ಹೂ ಬಿಡಿಸುವ ಬೇಸಗೆ ಮಳೆ) ಬರುವ ತನಕ ಅರ್ಧ ಮಡಿಗಳಿಗೆ ಒಣ ಎಲೆ ಹೊದಿಸಿ ಮಲಗಿಸುತ್ತೇವೆ, ಉಳಿದದ್ದಕ್ಕೆ ಕೆಳಗಿನ ಮನೆಯವರ ಬಾವಿ. ಮೊದಲ ದಿನ ಇಂಗುಗುಂಡಿ ಮಾಡಬೇಡಿ ಅಂತ ಬಂದವರೇ ಅವರು. 2023ರಲ್ಲಿ ಮಳೆ ಕೈಕೊಟ್ಟು 2024ರ ಬೇಸಗೆಯಲ್ಲಿ ಆ ಬಾವಿಯೂ ತಳ ಕಂಡಿತು. ಏಳು ವಾರ ಬುಟ್ಟಿ ಇಡಲಿಲ್ಲ. ಅದೇ ವರ್ಷ ಜುಲೈಯಲ್ಲಿ ಮಳೆ ಹೊಡೆದ ಹೊಡೆತಕ್ಕೆ ಹೊದಿಕೆ ಎರಡು ಕಡೆ ಹರಿಯಿತು.

ಈಗ

2025ರಲ್ಲಿ ಮಳೆ ಮೇ ಕೊನೆಗೇ ಬಂತು. ಈ ಸಲ ಕೆಂಬು ಮೊದಲೇ ಎದ್ದಿತ್ತು, ವಾರಕ್ಕೆ ಎಲ್ಲ ಸೇರಿ 90 ಕಟ್ಟಿನ ಕೆಳಗೆ ಇಳಿಯಲಿಲ್ಲ. ಐದು ಮಳೆಗಾಲದಲ್ಲಿ ಇದೇ ಒಳ್ಳೆಯದು. ಸೆಪ್ಟೆಂಬರಿನಲ್ಲಿ, ಕೈಲ್ ಪೊಳ್ದ್ ಹಬ್ಬ ಕಳೆದ ವಾರ, ಜಾಗದ ಯಜಮಾನರು ಫೋನ್ ಮಾಡಿದರು. ನಿವೃತ್ತಿ ಆಗುತ್ತಿದೆ, ಪುತ್ತರಿ ಹಬ್ಬ ಕಳೆದ ಮೇಲೆ ಮನೆಗೆ ಪಾಯ ತೆಗೆಯುತ್ತೇನೆ ಎಂದರು. ಅವರ ಧ್ವನಿಯಲ್ಲಿ ಬೇಸರ ಇತ್ತು. ಅವರ ಜಾಗ, ಅವರ ಮಾತು ಮೊದಲಿಂದಲೂ ಅದೇ. ನನಗೆ ಸಿಟ್ಟು ಬರಲಿಲ್ಲ, ಆದರೆ ಆ ರಾತ್ರಿ ನಿದ್ದೆಯೂ ಬರಲಿಲ್ಲ.

ಒಂದು ಶಾಲೆಯ ಹಿಂದೆ ಏಳು ಸೆಂಟ್ ಜಾಗ ಸಿಕ್ಕಿದೆ. ಈ ಸಲ ಮೂರು ವರ್ಷ, ಬಿಡಿಸುವುದಾದರೆ ಆರು ತಿಂಗಳ ಮುಂಚೆ ತಿಳಿಸಬೇಕು ಅಂತ ಹಾಳೆಯಲ್ಲಿ ಬರೆದು ಸಹಿ ಆಗಿದೆ. ಅಲ್ಲಿಯ ಮಣ್ಣು ಜಲ್ಲಿ, ಗಟ್ಟಿ. ಯಜಮಾನರನ್ನು ಒಂದೇ ಒಂದು ಕೇಳಿದೆವು. ಮಡಿಗಳ ಮೇಲ್ಮಣ್ಣು ಒಯ್ಯಬಹುದಾ ಅಂತ. ಪಾಯ ತೆಗೆಯುವಾಗ ಹೇಗೂ ಹೊರಗೆ ಹಾಕುವುದೇ, ತಗೊಂಡು ಹೋಗಿ ಅಂದರು.

180 ಚದರ ಮೀಟರಿಗೆ ಅರ್ಧ ಅಡಿ ಅಂದರೆ 27 ಘನ ಮೀಟರ್ ಮಣ್ಣು. ಅಷ್ಟೂ ಆಗುವುದಿಲ್ಲ, ಹೊಸ ಜಾಗದಲ್ಲಿ ಹಿಡಿಸುವುದೂ ಇಲ್ಲ. ಒಳ್ಳೆಯ 12 ಮಡಿಯದ್ದು ಒಯ್ಯುತ್ತಿದ್ದೇವೆ. ಟೊಮೆಟೊ ಸೊರಗಿದ ಎಂಟು ಮಡಿಯದ್ದನ್ನು ಮುಟ್ಟುವುದಿಲ್ಲ, ಆ ರೋಗ ಮಣ್ಣಿನ ಜೊತೆ ಬರುತ್ತದೆ. ಜೀಪಿನ ಹಾದಿ ಗೇಟಿನ ತನಕ ಇಲ್ಲ, 40 ಮೆಟ್ಟಿಲು ಹೊತ್ತು ಇಳಿಸಬೇಕು. ಭಾನುವಾರ ಬೆಳಗ್ಗೆ ಏಳಕ್ಕೆ ಶುರು, ಮಧ್ಯಾಹ್ನದ ತನಕ. ಕಳೆದ ಭಾನುವಾರ ಬುಟ್ಟಿಯ ಕಡೆಯ ಕೇರಿಗಳಿಂದ 19 ಜನ ಬಂದಿದ್ದರು, ಅವರಿಗೆ ರಜೆ ಇರುವುದು ಅದೊಂದೇ ದಿನ. ಮೇಷ್ಟ್ರು ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ಕೂತು ಗೆರೆ ಎಳೆಯುತ್ತಿದ್ದರು. ಒಟ್ಟು 112 ಚೀಲ ಇಳಿಯಿತು. ಇನ್ನು ಏಳು ಮಡಿ ಬಾಕಿ ಇದೆ.